ಗುಡ್ಡದ ಮೇಲೆ ಬಿದ್ದ ಮರಗಳು

ನೇತ್ರಾವತಿ ಹಿಟ್ನಾಳ ಊರಿನ ಹಿಂದಿನ ಗುಡ್ಡಕ್ಕೆ ಫಾರೆಸ್ಟ್ ಗಾರ್ಡ್ ಆಗಿ ಬಂದ ವರ್ಷವೇ ಬಿರುಗಾಳಿ ಎದ್ದು ಅರ್ಧಕ್ಕರ್ಧ ಮರಗಳನ್ನು ಕೆಡವಿತು. ಮಳೆ ಕೈಕೊಟ್ಟು ಮೊದಲೇ ಬೇರುಗಳು ಸೊರಗಿದ್ದವು. ಮರುದಿನ, ಆಡು ಮೇಯಿಸುವ ಕರಿಯವ್ವ ಅವಳ ಬೈಕಿಗೆ ಅಡ್ಡ ನಿಂತಳು.

“ಮೇಡಂರೀ, ಬಿದ್ದ ಕಟಿಗಿ ನಾವು ಒಯ್ತೀವ್ರಿ. ಇಲ್ಲೇ ಒಣಗಿದ್ರ ಕಾಡಕಿಚ್ಚಿಗೆ ಛಲೋ ಮೇವಾಕ್ಕೈತಿ.”

“ಬ್ಯಾಡ ದೊಡ್ಡವ್ವಾ. ಅದರ ಸಂದ್ಯಾಗ ಕರಡಿ ಮಲಗ್ತಾವ. ಮಣ್ಣೂ ಹಿಡಕೊಂಡೈತಿ. ಅಲ್ಲೇ ಕೊಳೀಲಿ.”

ನೇತ್ರಾವತಿ ಕಲಿತದ್ದು ಹಾಗೆ; ಅದು ಸುಳ್ಳೂ ಆಗಿರಲಿಲ್ಲ. ಆದರೆ ಕೊಳೆಯಲು ಮಳೆ ಬೇಕು, ಆ ವರ್ಷವೂ ಮಳೆಯಾಗಲಿಲ್ಲ. ಬಿದ್ದ ಮರಗಳಿಗೆ ಹತ್ತಿದ ಹುಳು ನಿಂತ ಮರಗಳಿಗೂ ಏರಿತು. ಶಿವರಾತ್ರಿಗೆ ಮೊದಲೇ ಬಂಡೆಗಳು ಕಾಯತೊಡಗಿದವು.

ಕಿಚ್ಚು ಹೊಸದೇನಲ್ಲ. ಪ್ರತಿ ಬೇಸಿಗೆಯೂ ಬಂದು, ಹುಲ್ಲು ಸುಟ್ಟು, ಮರಗಳ ಬುಡ ಸವರಿ ಆರಿಹೋಗುತ್ತಿತ್ತು. ಈ ಸಲ ಅದು ಒಣ ದಿಮ್ಮಿಗಳ ಮೇಲೆ ಕೂತುಬಿಟ್ಟಿತು. ಊರವರನ್ನು ಕರೆದುಕೊಂಡು ಕರಿಯವ್ವನೇ ಮೊದಲು ಬಂದಳು. ಎಲ್ಲರೂ ಹಸಿ ಟೊಂಗೆಗಳಿಂದ ಬಡಿದರೂ ಉರಿ ತಗ್ಗಲಿಲ್ಲ.

ಆಗ ಹೊಗೆಯೊಳಗಿಂದ ಕರಡಿಯೊಂದು ಬೆನ್ನ ಮೇಲೆ ಮರಿ ಹೊತ್ತು ಹೊರಬಿತ್ತು. ಕರಿಯವ್ವ ನೇತ್ರಾವತಿಯ ರಟ್ಟೆ ಹಿಡಿದು ಬಂಡೆಯ ಮರೆಗೆ ಎಳೆದಳು. ಕರಡಿ ಅವರನ್ನು ದಾಟಿ ನೇರ ಕೆಳಗಿಳಿಯಿತು.

“ಅಯ್ಯೋ, ಹೈವೇ ಕಡಿ ಹೊಂಟೈತ್ರೀ!” ಕರಿಯವ್ವ ಕೂಗಿದಳು.

ನೇತ್ರಾವತಿ ಟೊಂಗೆ ಎಸೆದು ಓಡಿದಳು. ರಸ್ತೆಯ ನಡುವೆ ನಿಂತು ಎರಡೂ ಕೈ ಬೀಸಿದಳು. ಅದಿರಿನ ಲಾರಿಯೊಂದು ಕಿರ್ರನೆ ಬ್ರೇಕು ಹಾಕಿ ಮಾರು ದೂರದಲ್ಲಿ ನಿಂತಿತು. ಕರಡಿ ರಸ್ತೆ ದಾಟಿ ಜಾಲಿಕಂಟಿಗಳಲ್ಲಿ ಮರೆಯಾಯಿತು. ಅವಳು ತಿರುಗಿ ನೋಡುವಷ್ಟರಲ್ಲಿ ನೆತ್ತಿಯವರೆಗೂ ಗುಡ್ಡ ಉರಿಯುತ್ತಿತ್ತು.

ಆಮೇಲೆ ಮಳೆ ಬಂತು, ಒಂದೇ ಹೊಡೆತಕ್ಕೆ. ಹಿಡಿಯಲು ಬೇರಿಲ್ಲದೆ ಬೂದಿ, ಮಣ್ಣು ಎಲ್ಲ ಊರ ಕೆರೆಗಿಳಿದು ಮೀನು ಸತ್ತು ತೇಲಿದವು. ನೇತ್ರಾವತಿ ಕರಿಯವ್ವನ ಮನೆಗೆ ಹೋದಳು. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದಳು.

ಕರಿಯವ್ವ ನೀರು ಕೊಟ್ಟು ಕೇಳಿದಳು: “ಅವತ್ತ ಕಟಿಗಿ ತಂದಿದ್ರ ಗುಡ್ಡ ಉಳೀತಿತ್ತೇನ್ರಿ?”

“ಉಳೀತಿತ್ತೋ ಏನೋ. ಇಲ್ಲಾ, ದಿಮ್ಮಿ ಇಲ್ದ ಮಣ್ಣು ಮೊದಲಽ ಹೋಗ್ತಿತ್ತೋ ಏನೋ. ಖರೇ ಹೇಳ್ತೀನಿ ದೊಡ್ಡವ್ವಾ, ಈಗಿನ ಬಿಸಲಿನಾಗ ಯಾವುದು ಸರಿ ಅಂತ ನನಗೂ ತಿಳೀವಲ್ದು.”

ಮರುದಿನ ಬೆಳಿಗ್ಗೆ ಇಬ್ಬರೂ ಮಣ್ಣು ನಿಲ್ಲಲೆಂದು ಗುಡ್ಡದ ಕೊರಕಲಿಗೆ ಅಡ್ಡಲಾಗಿ ಕಲ್ಲು ಜೋಡಿಸತೊಡಗಿದರು. ಮುಂದಿನ ಮಳೆಗೆ ಅದರಲ್ಲಿ ಬಹುಪಾಲು ಕೊಚ್ಚಿಹೋಯಿತು. ಮತ್ತೆ ಜೋಡಿಸಿದರು.