ಹನ್ನೊಂದು ತಿಂಗಳ ಬಾಡಿಗೆದಾರ

"ಸಹಿ ಎಲ್ಲಿ ಹಾಕ್ಬೇಕಮ್ಮಾ?" ಎನ್ನುತ್ತ ಫಜಲುಲ್ಲಾ ಎರಡೂ ಅಂಗೈಗಳನ್ನು ಲುಂಗಿಗೆ ಒರೆಸಿಕೊಂಡ. ಬೆವರಿಗೆ ಅಂಟಿದ್ದ ಹತ್ತಿಯ ಎಳೆಗಳು ಪೂರ್ತಿ ಹೋಗಲಿಲ್ಲ. ಯಶೋದ ಬಾಯಿ ತೆರೆಯುವ ಮೊದಲೇ ಅವಳ ತಮ್ಮ ಕಿರಣ್ ಕುಮಾರ್ ಛಾಪಾ ಕಾಗದದ ತುದಿಯಲ್ಲಿ ಬೆರಳಿಟ್ಟು, "ಇಲ್ಲೊಂದು, ಹಿಂದ್ಗಡೆ ಹಾಳೇಲಿ ಇನ್ನೊಂದು" ಎಂದ.

ಅಂಗಡಿಯೊಳಗೆ ಕೂರಲು ಜಾಗವಿರಲಿಲ್ಲ. ಅರ್ಧ ಹೊಲಿದ ಜೋಡಿ ಹಾಸಿಗೆ ನೆಲದ ತುಂಬ ಹರಡಿಕೊಂಡಿತ್ತು. ಅದರ ಪಕ್ಕದಲ್ಲಿ ಫಜಲುಲ್ಲಾನ ಹೆಂಡತಿ ಅಮೀನಾಬಿ ದಬ್ಬಳಕ್ಕೆ ದಾರ ಪೋಣಿಸುತ್ತ ಕೂತಿದ್ದಳು. ಹತ್ತಿ ಹಿಂಜುವ ಯಂತ್ರವನ್ನು ಇವರು ಬಂದರೆಂದು ನಿಲ್ಲಿಸಿದ್ದರು.

"ಅದ್ರಲ್ಲಿ ಏನ್ ಬರ್ದೈತೆ ಅಂತ ಒಂದ್ಸಲ ಹೇಳ್ಬುಡಪ್ಪ" ಎಂದಳು ಅಮೀನಾಬಿ, ತಲೆ ಎತ್ತದೆ.

ಕಿರಣ್ ಹೇಳಿದ. ಶಿರಾದಲ್ಲಿ ಈಗ ಮನೆಮನೆಗೂ ಇ-ಖಾತೆ ಮಾಡಿಸುತ್ತಿದ್ದಾರೆ. ನಗರಸಭೆಯ ಲೆಕ್ಕದಲ್ಲಿ ಅಕ್ಕನ ಈ ಕಟ್ಟಡ ಪೂರ್ತಿ ವಾಸದ ಮನೆ. ಮುಂದಿನ ಕೋಣೆಯನ್ನು ಇಷ್ಟು ವರ್ಷ ಅಂಗಡಿಗೆ ಬಾಡಿಗೆ ಕೊಟ್ಟಿದ್ದು ಗೊತ್ತಾದರೆ ಹಿಂದಿನದಕ್ಕೆಲ್ಲ ವಾಣಿಜ್ಯ ತೆರಿಗೆಯ ವ್ಯತ್ಯಾಸ ಹಾಕುತ್ತಾರೆ, ಮೇಲೆ ದಂಡ. ಹಾಗಾಗಿ ಹೋದ ಏಪ್ರಿಲ್‌ನಿಂದಷ್ಟೇ ಬಾಡಿಗೆಗೆ ಕೊಟ್ಟಿದ್ದು, ಅದಕ್ಕೆ ಮುಂಚೆ ಅದು ಮನೆಯ ಸಾಮಾನಿನ ಕೋಣೆಯಾಗಿತ್ತು ಎಂದು ಹನ್ನೊಂದು ತಿಂಗಳ ಕರಾರು ಮಾಡಿಕೊಂಡರೆ ಈ ವರ್ಷದ ತೆರಿಗೆಯಲ್ಲೇ ಮುಗಿದುಹೋಗುತ್ತದೆ.

"ಹನ್ನೊಂದೇ ತಿಂಗ್ಳಾ?" ಎಂದು ಅಮೀನಾಬಿಯೇ ಕೇಳಿದಳು.

"ಎಲ್ರೂ ಹಂಗೇ ಬರ್ಸೋದು. ವರ್ಷ ದಾಟಿದ್ರೆ ರಿಜಿಸ್ಟ್ರಿ ಮಾಡಿಸ್ಬೇಕು, ಖರ್ಚು ಜಾಸ್ತಿ."

ಅಮೀನಾಬಿ ದಾರವನ್ನು ಹಲ್ಲಿನಿಂದ ಕತ್ತರಿಸಿದಳು. "ಏಪ್ರಿಲ್‌ನಾಗೆ ಬಂದ್ವಿ ಅಂತಾನಾ? ನಮ್ ಜೈಬಾ ನಡೆಯೋದು ಕಲ್ತಿದ್ದೇ ಈ ಅಂಗಡೀಲಿ. ಈಗ ಅವಳ್ಗೆ ಮದ್ವೆ ಆಗಿ ಮಗು ಐತೆ."

ಫಜಲುಲ್ಲಾ ನಕ್ಕ. "ಅದೆಲ್ಲಾ ಕಾಗದಕ್ಕೆ ಯಾಕೆ ಬೇಕು? ಯಶೋದಮ್ಮನಿಗೆ ತೊಂದ್ರೆ ಆಗ್ಬಾರ್ದು, ಅಷ್ಟೇ."

"ನಾನಿಲ್ವಾ ಅಮೀನಮ್ಮ?" ಎಂದಳು ಯಶೋದ. ಆ ಮಾತನ್ನು ಅವಳು ಮನಸ್ಸಿನಿಂದಲೇ ಹೇಳಿದಳು. ಫಜಲುಲ್ಲಾ ಎರಡು ಕಡೆಯೂ ಸಹಿ ಹಾಕಿ, ಪೆನ್ನನ್ನು ಮುಚ್ಚಳ ಹಾಕಿಯೇ ವಾಪಸು ಕೊಟ್ಟ.

ಆ ಕೋಣೆಯನ್ನು ಫಜಲುಲ್ಲಾನಿಗೆ ಕೊಟ್ಟಿದ್ದು ಯಶೋದಳ ಗಂಡ ಅಂಜಿನಮೂರ್ತಿ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವನಿಗೆ ಬರೆಯುವುದೆಂದರೆ ಬೇಸರ. ಬಾಯಿಮಾತಿನಲ್ಲೇ ಬಾಡಿಗೆ ಗೊತ್ತಾಯಿತು, ಬಾಯಿಮಾತಿನಲ್ಲೇ ಎರಡು ಮೂರು ವರ್ಷಕ್ಕೊಮ್ಮೆ ಏರಿತು. ತಿಂಗಳ ಮೊದಲ ಶುಕ್ರವಾರ ನಮಾಜು ಮುಗಿಸಿ ಬರುತ್ತಿದ್ದ ಫಜಲುಲ್ಲಾ ಹಿತ್ತಲ ಬಾಗಿಲಲ್ಲಿ ನಿಂತು ಬಾಡಿಗೆ ಕೊಟ್ಟು ಹೋಗುತ್ತಿದ್ದ. ಗಂಡ ಸತ್ತ ಮೇಲೂ ಅದು ಹಾಗೆಯೇ ನಡೆಯಿತು. ಜಗಳ ಇರಲಿಲ್ಲವೆಂದಲ್ಲ. ಯಶೋದ ಮಾಳಿಗೆಯ ಮೇಲೆ ಹಾಕಿದ ಸಂಡಿಗೆಗೆ ಹತ್ತಿಯ ಧೂಳು ಕೂರುತ್ತಿತ್ತು. ಇವಳು ಕೂಗುತ್ತಿದ್ದಳು, ಅವನು ಯಂತ್ರಕ್ಕೆ ಗೋಣಿತಾಟು ಕಟ್ಟುತ್ತಿದ್ದ, ಮುಂದಿನ ಬೇಸಗೆಗೆ ಮತ್ತೆ ಅದೇ. ಒಂದೇ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಇರುವವರ ಜಗಳ ಅದು, ಸಂಜೆಯೊಳಗೆ ಮರೆತುಹೋಗುತ್ತಿತ್ತು.

ಕರಾರಿನ ಜೆರಾಕ್ಸ್ ನಗರಸಭೆಯ ಕಡತ ಸೇರಿತು. ಅಲ್ಲಿಂದ ಕಟ್ಟಡ ನೋಡಲು ಬಂದಿದ್ದ ಹೆಣ್ಣುಮಗಳು ಟೇಪು ಹಿಡಿದು ಕೋಣೆ ಅಳೆದು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, "ಖಾತೆ ರೆಡಿ ಆಗೋ ಹೊತ್ಗೆ ನೀವೇ ಬಂದು ಒಂದು ಘೋಷಣೆ ಬರ್ದು ಕೊಡ್ಬೇಕಮ್ಮ" ಎಂದು ಹೇಳಿ ಹೋದಳು. ಯಶೋದಳಿಗೆ ನಿರಾಳವಾಯಿತು. ಮಗಳು ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ದಂಡ ಕಟ್ಟುವ ಕಾಲ ಇದಲ್ಲ.

ಸಂಕ್ರಾಂತಿಗೆ ಮುಂಚೆ ಕಿರಣ್ ಮತ್ತೆ ಮಧುಗಿರಿಯಿಂದ ಬಂದ. ಈ ಸಲ ಅವನ ಕೈಯಲ್ಲಿ ಸಿಹಿಯ ಡಬ್ಬಿ ಇತ್ತು. ಮೊಬೈಲ್ ಮಾರುವ ಒಂದು ದೊಡ್ಡ ಅಂಗಡಿಯವರು ಈ ರಸ್ತೆಯಲ್ಲಿ ಜಾಗ ಹುಡುಕುತ್ತಿದ್ದರಂತೆ. ಯಶೋದಳ ಮುಂಗೋಣೆ ಅವರಿಗೆ ಹಿಡಿಸಿತ್ತು.

"ಒಂಬತ್ತು ವರ್ಷದ ಲೀಸು, ರಿಜಿಸ್ಟ್ರಿ ಖರ್ಚೆಲ್ಲ ಅವ್ರದ್ದೇ. ಬಾಡಿಗೆ ಈಗಿನದ್ದಕ್ಕೆ ನಾಕರಷ್ಟು, ಸೀದಾ ಬ್ಯಾಂಕಿಗೆ. ತೆರಿಗೆ ಹಿಡ್ಕೊಂಡೇ ಹಾಕ್ತಾರೆ, ನೀನು ಯಾವ ಆಫೀಸಿಗೂ ಅಲೀಬೇಕಾಗಿಲ್ಲ. ಟೈಲ್ಸು, ಶಟರು ಎಲ್ಲಾ ಅವ್ರೇ ಮಾಡಿಸ್ಕೊತಾರೆ. ಮಾರ್ಚಿಗೆ ಖಾಲಿ ಮಾಡಿ ಕೊಟ್ರೆ ಸಾಕು."

"ಫಜಲಣ್ಣ ಎಲ್ಲಿಗೆ ಹೋಗ್ತಾನೋ?"

"ಫೆಬ್ರವರಿಗೆ ಹನ್ನೊಂದು ತಿಂಗ್ಳು ಮುಗೀತದಲ್ಲಕ್ಕ. ಅವ್ನೇ ಸಹಿ ಹಾಕವ್ನೆ."

ಯಶೋದ ತಮ್ಮನ ಮುಖವನ್ನೇ ನೋಡಿದಳು. "ಲೇ, ಅದು ತೆರಿಗೆಗೆ ಅಂತ ಬರ್ಸಿದ್ದು ಕಣ್ಲಾ."

"ಯಾಕೆ ಬರ್ಸಿದ್ದು ಅಂತ ಕಾಗದದಾಗೆ ಎಲ್ಲೈತೆ? ಮೊದ್ಲಾಗಿದ್ರೆ ನಿಂಗೇ ಕಷ್ಟ ಆಗೋದು. ಹಳೇ ಬಾಡಿಗೆದಾರ ಅಂತ ಕೋರ್ಟಿಗೆ ಹೋಗಿ ಕೂತ್ಕೊಂಡಿದ್ರೆ ಎಬ್ಬಿಸೋಕೆ ವರ್ಷಗಟ್ಲೆ ಬೇಕಿತ್ತು. ಈಗ ಒಂದು ನೋಟೀಸು ಸಾಕು."

ಅವಳು ಆಗಲಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾಲ್ಕರಷ್ಟು ಎಂಬ ಮಾತು ಎರಡು ದಿನ ಅವಳ ಜೊತೆಯಲ್ಲೇ ಓಡಾಡಿತು. ಮಗಳ ಹಾಸ್ಟೆಲ್ಲು, ಮುಂದೆ ಮದುವೆ, ಸೋರುವ ಬಚ್ಚಲು, ನೋಯುವ ಮಂಡಿ, ಎಲ್ಲಕ್ಕೂ ಅದರಿಂದ ಒಂದೊಂದು ಪಾಲು ಹಂಚಿ ನೋಡಿದಳು. ಮೂರನೆಯ ದಿನ ಕಿರಣ್ ವಕೀಲರ ಹತ್ತಿರದಿಂದ ಕಾಗದ ತಂದಾಗ, "ಅವ್ನಿಗೆ ಹೇಳೋದು ನನ್ನ ಕೈಲಾಗಲ್ಲ, ಏನಿದ್ರೂ ನೀನೇ ನೋಡ್ಕೊ" ಎಂದು ಸಹಿ ಹಾಕಿ ಒಳಗೆ ಹೋದಳು.

ನೋಟೀಸು ತಲುಪಿದ್ದು ಅವಳಿಗೆ ಗೊತ್ತಾದದ್ದು ಯಂತ್ರ ನಿಂತಿದ್ದರಿಂದ. ಕರೆಂಟು ಇತ್ತು, ಅವಳ ಮಿಕ್ಸಿ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅಮೀನಾಬಿ ಹಿತ್ತಲ ಬಾಗಿಲಿಗೆ ಬಂದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಒಡೆದ ಲಕೋಟೆಯನ್ನು ಚಾಚಿದಳು.

"ನಮ್ಮೋರು ಕೆಲ್ಸ ಬುಟ್ಟು ಕೂತ್ಬುಟ್ಟವ್ರೆ. ಒಳ್ಗಡೆ ನಿಮ್ ಹೆಸ್ರೈತೆ ಅಂತಾರೆ, ಪೂರ್ತಿ ತಿಳೀತಿಲ್ಲ. ನೀವೇ ಓದಿ ಹೇಳಿ ಯಶೋದಮ್ಮ."

ಯಶೋದ ಅವಳ ಕಣ್ಣುಗಳನ್ನು ನೋಡಿದಳು. ಅಮೀನಾಬಿಗೆ ಎಲ್ಲವೂ ತಿಳಿದಿತ್ತು. ಓದಿ ಹೇಳಲು ಅಳಿಯನಿದ್ದ, ಬೀದಿಯಲ್ಲಿ ಹತ್ತು ಜನರಿದ್ದರು. ಅವಳು ಇಲ್ಲಿಗೇ ಬಂದಿದ್ದಳು.

ಕಾಗದ ಬಿಡಿಸಿ ಯಶೋದ ಓದತೊಡಗಿದಳು. ನಮ್ಮ ಕಕ್ಷಿದಾರರಾದ ಶ್ರೀಮತಿ ಯಶೋದ ಅವರ ಸ್ವತ್ತಾದ ಅಂಗಡಿ ಕೋಣೆಗೆ ಕಳೆದ ಏಪ್ರಿಲ್ ತಿಂಗಳಿನಲ್ಲಿ ಹೊಸದಾಗಿ ಬಾಡಿಗೆದಾರರಾಗಿ ಬಂದ ತಾವು, ಕರಾರಿನ ಅವಧಿ ಮುಗಿಯುತ್ತಿರುವುದರಿಂದ...

"ಆ ಏಪ್ರಿಲ್ ಅನ್ನೋದನ್ನ ಇನ್ನೊಂದ್ಸಲ ಓದಿ" ಎಂದಳು ಅಮೀನಾಬಿ.

ಯಶೋದ ಇನ್ನೊಮ್ಮೆ ಓದಿದಳು. ಹೊಸದಾಗಿ ಎಂಬ ಪದವನ್ನು ಬಿಟ್ಟು ಮುಂದೆ ಹೋಗಲು ನೋಡಿದಳು, ಆಗಲಿಲ್ಲ, ಅದನ್ನೂ ಓದಿದಳು. ಅಮೀನಾಬಿ ಕೈ ಚಾಚಿ ಕಾಗದ ತೆಗೆದುಕೊಂಡು, ಮೊದಲಿದ್ದ ಮಡಿಕೆಯಲ್ಲೇ ಮಡಿಸಿದಳು. ಬೈಯಲಿಲ್ಲ, ಅಳಲಿಲ್ಲ. ಮೆಟ್ಟಿಲಿಳಿಯುತ್ತ, "ಒಪ್ಕೊಂಡಿರೋ ಹಾಸ್ಗೆ ನಾಕೈದವೆ. ಅದನ್ನ ಮುಗ್ಸಿ ಕೊಟ್ಟು ಹೋಗ್ತೀವಿ" ಎಂದಳು.

ಮರುದಿನ ಬೆಳಿಗ್ಗೆ ಯಶೋದ ಆಧಾರ್ ಕಾರ್ಡು, ಹಳೆಯ ತೆರಿಗೆ ರಸೀದಿಗಳನ್ನು ಚೀಲಕ್ಕೆ ಹಾಕಿಕೊಂಡು ನಗರಸಭೆಗೆ ಹೋದಳು. ಖಾತೆಯ ಘೋಷಣೆ ಬರೆದುಕೊಡುವುದು ಬಾಕಿಯಿತ್ತು. ಗುಮಾಸ್ತ ಸಂಜೀವಯ್ಯ ಕಡತ ತೆಗೆದು, ಅರ್ಜಿಯನ್ನು ತಾನೇ ತುಂಬಿಸುತ್ತ ಕೇಳಿದ. "ಅಂಗ್ಡಿ ಬಾಡಿಗೆಗೆ ಕೊಟ್ಟಿದ್ದು ಏಪ್ರಿಲ್‌ನಿಂದ ಅಲ್ವೇನಮ್ಮ?"

"ಅಲ್ಲ ಸಾರ್. ನಮ್ಮೆಜಮಾನ್ರು ಇದ್ದಾಗ್ಲೇ ಕೊಟ್ಟಿದ್ದು. ಇಪ್ಪತ್ತೆರಡು ವರ್ಷ ಆಯ್ತು."

ಸಂಜೀವಯ್ಯ ಪೆನ್ನು ಎತ್ತಿ ಹಿಡಿದ. "ನೀವೇ ಕೊಟ್ಟಿರೋ ಕರಾರಿನಾಗೆ ಬೇರೆ ಐತಲ್ಲ."

"ಅದು ತಪ್ಪು ಬರ್ಸಿದ್ದು."

"ನೋಡೀಮ್ಮ, ಇಂಗೆ ಬರ್ಕೊಟ್ರೆ ಹಿಂದಿನದ್ದು ಎಲ್ಲಾ ಎದ್ದು ಕೂತ್ಕೊಂತದೆ. ವ್ಯತ್ಯಾಸ, ಅದ್ರ ಮೇಲೆ ದಂಡ. ನಾನು ಕಮ್ಮಿ ಮಾಡೋಕಾಗಲ್ಲ. ಮನೆಗೋಗಿ ಯಾರ್ನಾದ್ರೂ ಕೇಳ್ಕೊಂಡು ಬರ್ತೀರಾ?"

"ಕೇಳೋರು ಯಾರೂ ಇಲ್ಲ. ಬರ್ಕೊಳ್ಳಿ" ಎಂದಳು ಯಶೋದ. ಸಂಜೀವಯ್ಯ ಬರೆದುಕೊಂಡ. ಕೆಳಗೆ ಅವಳು ಸಹಿ ಹಾಕಿದಳು. ದಂಡ ಎಷ್ಟು ಬರುತ್ತದೋ ಎಂಬ ಭಯವಿತ್ತು. ಬಂದದ್ದು ಅವಳು ಎಣಿಸಿದ್ದಕ್ಕಿಂತ ಹೆಚ್ಚೇ ಆಗಿತ್ತು. ಎರಡು ಚಿನ್ನದ ಬಳೆ ಅಡವಿಗೆಂದು ಸೊಸೈಟಿ ಸೇರಿದವು.

ವಕೀಲರಿಂದ ವಿಷಯ ತಿಳಿದು ಕಿರಣ್ ಫೋನಿನಲ್ಲೇ ಕೂಗಾಡಿದ. "ಏಪ್ರಿಲ್‌ನಾಗೆ ಬಂದ ಅಂತ ನಾವು ನೋಟೀಸು ಕೊಟ್ಟಿದ್ದೀವಿ, ಇಪ್ಪತ್ತೆರಡು ವರ್ಷದಿಂದ ಅವ್ನೆ ಅಂತ ನೀನು ಸರ್ಕಾರಕ್ಕೆ ಬರ್ಕೊಟ್ಟು ಬಂದಿದ್ಯ! ಇನ್ಯಾವ ಕೋರ್ಟಿಗೆ ಹೋಗೋದು? ವಕೀಲ್ರು ಕೇಸು ಮುಟ್ಟಲ್ಲ ಅಂತವ್ರೆ. ಮೊಬೈಲಿನೋರು ಆಗ್ಲೇ ಎದ್ರುಗಡೆ ಕಟ್ಟಡ ಮಾತಾಡ್ತಾವ್ರೆ. ತಲೆ ಕೆಟ್ಟೈತೇನಕ್ಕ ನಿಂಗೆ?"

"ಬುಡು ಕಿರಣ" ಎಂದಳು ಅವಳು. ಆ ಯುಗಾದಿಗೆ ಅವನು ಬರಲಿಲ್ಲ, ಫೋನೂ ಮಾಡಲಿಲ್ಲ.

ಫಜಲುಲ್ಲಾನಿಗೆ ವಿಷಯ ತಿಳಿಸಲು ಅವಳೇ ಅಂಗಡಿಗೆ ಹೋದಳು. ಅವನು ಬೂರುಗದ ಹತ್ತಿಯನ್ನು ದಿಂಬಿಗೆ ತುಂಬುತ್ತಿದ್ದ. ನೋಟೀಸು ವಾಪಸು ತೆಗೆದುಕೊಂಡಿದ್ದೇನೆ, ನೀವೇ ಇರಿ ಎಂದಾಗ ಅವನು ತಲೆಯಾಡಿಸಿದ, ಕೆಲಸ ನಿಲ್ಲಿಸಲಿಲ್ಲ. ಅವನು ಸಂತೋಷಪಡಬಹುದು, ಎರಡು ಮಾತು ಆಡಬಹುದು ಎಂದುಕೊಂಡು ಅವಳು ಬಂದಿದ್ದಳು. ಕೊನೆಗೆ, ತೆರಿಗೆ ಏರಿದ್ದರಿಂದ ಬಾಡಿಗೆಯನ್ನೂ ಏರಿಸಬೇಕಾಗುತ್ತದೆ ಎಂದಳು.

ಆಗ ಅವನು ದಿಂಬನ್ನು ಪಕ್ಕಕ್ಕಿಟ್ಟ.

"ಎಷ್ಟು?"

ಹೇಳಿದಳು.

"ಆಗಲ್ಲ. ಅದ್ರಾಗೆ ಅರ್ಧ ಏರ್ಸಿ. ಮೂರು ವರ್ಷಕ್ಕೆ ಬರ್ಸಿ, ರಿಜಿಸ್ಟ್ರಿ ಮಾಡ್ಸಿ. ಖರ್ಚು ಇಬ್ರಿಗೂ ಸಮಾ ಇರ್ಲಿ. ಬಾಡಿಗೆ ಫೋನಿನಾಗೆ ಹಾಕ್ತೀನಿ, ನೀವು ರಸೀದಿ ಕೊಡ್ಬೇಕು."

"ರಸೀದಿ ಯಾಕೆ ಫಜಲಣ್ಣ? ಇಷ್ಟು ವರ್ಷ..."

"ಕೊಡ್ಬೇಕು" ಎಂದ ಫಜಲುಲ್ಲಾ. ದನಿ ಏರಿರಲಿಲ್ಲ. "ಮೇಲಿನ ಈ ಚಾವಣಿ ಶೀಟು ಎರಡು ಕಡೆ ಒಡ್ದೈತೆ. ಮಳೆ ಬಂದ್ರೆ ಹತ್ತಿ ನೆನೀತದೆ. ಅದ್ರ ರಿಪೇರಿ ಓನರ್‌ದು ಅಂತ ಕಾಗದದಾಗೆ ಬರ್ಸಿ."

"ಇಷ್ಟು ದಿನ ನೀವೇ ಟಾರ್ಪಾಲು ಹೊದಿಸ್ಕೊತಿದ್ರಿ."

"ಆವಾಗ ನಾನು ಕೇಳಿರ್ಲಿಲ್ಲ."

ಮೂಲೆಯಲ್ಲಿ ಅಮೀನಾಬಿ ಹೊಲಿಗೆ ಹಾಕುತ್ತಲೇ ಇದ್ದಳು. ಯಶೋದಳಿಗೆ ಮೈ ಉರಿಯಿತು. ಬಳೆ ಅಡವಿಟ್ಟಿದ್ದು ನಾನು, ತಮ್ಮನನ್ನು ಕಳೆದುಕೊಂಡಿದ್ದು ನಾನು, ಈಗ ಇವನು ಕಾನೂನು ಮಾತಾಡುತ್ತಾನೆ ಎನಿಸಿತು. ಅದನ್ನು ಬಾಯಿಬಿಟ್ಟು ಹೇಳಲೂ ಅವಳಿಗೆ ದಾರಿಯಿರಲಿಲ್ಲ. ಬಾಡಿಗೆಯ ಮೇಲೆ ಇನ್ನಷ್ಟು ಎಳೆದಾಡಿದಳು, ಅವನೂ ಎಳೆದಾಡಿದ, ಎರಡರ ನಡುವೆ ಎಲ್ಲೋ ಒಂದು ಕಡೆ ನಿಂತಿತು. ಮುಂದಿನ ವಾರ ಮೂವರೂ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಬೆರಳಚ್ಚು ಒತ್ತಿ, ಫೋಟೋ ತೆಗೆಸಿಕೊಂಡು ಬಂದರು. ಸಾಕ್ಷಿಗೆ ಅಮೀನಾಬಿ ಸಹಿ ಹಾಕಿದಳು. ವಾಪಸು ಬರುವಾಗ ಆಟೋದಲ್ಲಿ ಅಮೀನಾಬಿ ಒಂದು ಸಲ, ಯಶೋದಳ ಮಗಳಿಗೆ ಪರೀಕ್ಷೆ ಯಾವಾಗ ಎಂದು ಕೇಳಿದಳು. ಯಶೋದ ಹೇಳಿದಳು.

ಏಪ್ರಿಲ್ ಕೊನೆಯ ಒಂದು ಸಂಜೆ ಗುಡುಗು ಸಹಿತ ಮಳೆ ಬಿತ್ತು. ಮರುದಿನ ಬೆಳಿಗ್ಗೆ ಗಾರೆ ಕೆಲಸದ ಕದರಪ್ಪ ಪಕ್ಕದ ಮನೆಯ ಬಿದಿರೇಣಿ ತಂದು ಅಂಗಡಿಯ ಮೇಲೆ ಹತ್ತಿದ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗಿದ.

"ಅಮ್ಮಾ, ನೀವೇ ಬಂದು ನೋಡ್ಬುಡಿ. ಎರಡಲ್ಲ, ನಾಕು ಶೀಟು ಹೋಗವೆ. ಆಮೇಲೆ ಕದರಪ್ಪ ಜಾಸ್ತಿ ಹೇಳ್ದ ಅಂತೀರ."

ಯಶೋದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏಣಿಯ ಮೇಲೆ ಕಾಲಿಟ್ಟಳು. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಏಣಿ ಜಾರಿದಂತಾಯಿತು, ಆಮೇಲೆ ಗಟ್ಟಿಯಾಗಿ ನಿಂತಿತು. ಅವಳು ಮಂಡಿಯನ್ನು ಒತ್ತಿಕೊಳ್ಳುತ್ತ ಮೇಲೆ ಹೋದಳು. ಶೀಟಿನ ಬಿರುಕುಗಳ ಉದ್ದಕ್ಕೂ ಮಳೆನೀರು ಇನ್ನೂ ಹೊಳೆಯುತ್ತಿತ್ತು. ಕದರಪ್ಪ ಒಂದೊಂದನ್ನೇ ಬೆರಳಿಟ್ಟು ತೋರಿಸಿದ. ನಾಲ್ಕೂ ನಿಜವಾಗಿಯೇ ಹೋಗಿದ್ದವು.

ಅವಳು ಬಗ್ಗಿ ಕೆಳಗೆ ನೋಡಿದಳು. ಫಜಲುಲ್ಲಾ ಎರಡೂ ಕೈಗಳಿಂದ ಏಣಿ ಹಿಡಿದು, ಕಾಲನ್ನು ಅದರ ಬುಡಕ್ಕೆ ಒತ್ತಿ, ಮುಖವನ್ನು ಪೂರ್ತಿ ರಸ್ತೆಯ ಕಡೆಗೆ ತಿರುಗಿಸಿಕೊಂಡು ನಿಂತಿದ್ದ.