ಉಬ್ಬದೆ ಒಲೆ ಹಚ್ಚಬಾರದು

ನಾನು ಒಂದು ಯೀಸ್ಟ್ ಪೊಟ್ಟಣ. ಅಂಗೈಯಷ್ಟು ಅಗಲ, ಬೆಳ್ಳಿ ಬಣ್ಣದ ಹೊದಿಕೆ, ಒಳಗೆ ಹಾಲು ಹೆಚ್ಚಾದ ಚಹಾದಂತೆ ಕಾಣುವ ದ್ರವ. ಹವ್ಯಾಸಕ್ಕಾಗಿ ಮನೆಯಲ್ಲೇ ಬಿಯರ್ ಮಾಡುವವರು ನನ್ನನ್ನು ತರಿಸಿಕೊಳ್ಳುತ್ತಾರೆ. ‘ನಾನು’ ಎನ್ನುವಾಗ ಸ್ವಲ್ಪ ಸಂಕೋಚವಾಗುತ್ತದೆ. ಪುಣೆಯ ಹೊರವಲಯದ ಒಂದು ಪ್ರಯೋಗಾಲಯದಲ್ಲಿ ಒಂದೇ ಒಂದು ಜೀವಕಣವನ್ನು ಹೆಕ್ಕಿ ಸಿಹಿ ದ್ರವಕ್ಕೆ ಬಿಟ್ಟರು. ಅದು ಮೊಗ್ಗೊಡೆದು ಎರಡಾಯಿತು, ಎರಡು ನಾಲ್ಕಾಯಿತು. ಹೀಗೆ ಮೂವತ್ತೇಳು ಸಲ ಇಮ್ಮಡಿಯಾದರೆ ಹತ್ತು ಸಾವಿರ ಕೋಟಿ ದಾಟುತ್ತದೆ. ಅಷ್ಟೂ ಸೇರಿ ನಾನು.

ನನ್ನ ರಚನೆಯನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ನನ್ನೊಳಗೆ ಇನ್ನೊಂದು ಪುಟ್ಟ ಚೀಲ ತೇಲುತ್ತಿರುತ್ತದೆ. ನನ್ನ ಆಹಾರವೆಲ್ಲ ಅದರಲ್ಲಿದೆ. ಬಳಸುವ ದಿನ ನನ್ನನ್ನು ಅಂಗೈ ಮೇಲಿಟ್ಟು ಇನ್ನೊಂದು ಕೈಯಿಂದ ಜೋರಾಗಿ ಹೊಡೆಯಬೇಕು. ಒಳಚೀಲ ಒಡೆದು ಆಹಾರ ಹೊರಬರುತ್ತದೆ. ನಾನು ಎಚ್ಚರಗೊಂಡು ಉಣ್ಣುತ್ತೇನೆ, ಉಸಿರು ಬಿಡುತ್ತೇನೆ, ಆ ಉಸಿರಿಗೆ ಹೊದಿಕೆ ಉಬ್ಬುತ್ತದೆ. ಉಬ್ಬಿದರೆ ಬದುಕಿದ್ದೇನೆ ಎಂದರ್ಥ. ಅದೊಂದೇ ನನಗೆ ಗೊತ್ತಿರುವ ಮಾತು. ಆದರೆ ಅದನ್ನಾಡಲು ಬೇರೆಯವರ ಕೈ ಬೇಕು. ಅನ್ನ ಮತ್ತು ನನ್ನ ನಡುವೆ ಕೂದಲೆಳೆಯಷ್ಟು ತೆಳುವಾದ ಒಂದು ಪರದೆ ಇದೆ, ಅದನ್ನು ಒಡೆಯುವ ಶಕ್ತಿಯನ್ನು ನನಗೆ ಯಾರೂ ಕೊಟ್ಟಿಲ್ಲ.

ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಮಂಜುಗಡ್ಡೆಯ ಚೀಲಗಳ ನಡುವೆ ಧಾರವಾಡಕ್ಕೆ ಬಂದೆ. ತರಿಸಿಕೊಂಡವರು ಚಿದಾನಂದ ಸವಣೂರ. ಐವತ್ನಾಲ್ಕು ವರ್ಷ, ಕಾಲೇಜುಗಳ ಪ್ರಯೋಗಾಲಯದ ತಕ್ಕಡಿ, ಥರ್ಮಾಮೀಟರುಗಳನ್ನು ರಿಪೇರಿ ಮಾಡುವ ಕೆಲಸ. ನನ್ನನ್ನು ಬೆಳಕಿಗೆ ಹಿಡಿದು ನೋಡಿದರು. ಒಳಚೀಲ ಎಲ್ಲಿದೆಯೆಂದು ಹೆಬ್ಬೆರಳಿನಿಂದ ಹುಡುಕಿದರು. ಆ ಹೆಬ್ಬೆರಳು ನನಗೆ ಈಗಲೂ ನೆನಪಿದೆ. ಅದಕ್ಕೆ ಅವಸರವೇ ಇರಲಿಲ್ಲ.

ಅವರ ಹೆಂಡತಿ ಉಮಾ ಹೈಸ್ಕೂಲಿನಲ್ಲಿ ಹಿಂದಿ ಟೀಚರು. ಬಿಯರನ್ನು ಮೂಸಿಯೂ ನೋಡಿದವರಲ್ಲ. ಗಂಡ ಕುದಿಸುವ, ಮೊಳಕೆ ಬಾರ್ಲಿಯ ಸಿಹಿಯಾದ ಮಾಲ್ಟ್ ನೀರಿಗೆ ಅವರು ಇಟ್ಟ ಹೆಸರು ‘ಗಂಜಿ’. ಅಂದು ಪರೀಕ್ಷೆಯ ಪೇಪರು ತಿದ್ದುತ್ತ, ಹಾಲಿನ ಪಾಕೀಟಿಗೇ ಜಾಗವಿಲ್ಲದ ಫ್ರಿಜ್ಜಿನಲ್ಲಿ ಇದೊಂದು ಹೊಸ ಅತಿಥಿ ಎಂದು ಗೊಣಗಿದರು.

“ಇದು ಜೀವ ಐತಿ, ಉಮಾ. ಸುಮ್ನ ಪಾಕೀಟ್ ಅಲ್ಲ,” ಎಂದರು ಚಿದಾನಂದ. “ಒಳಗೊಂದು ಚೀಲ ಇರತೈತಿ. ಒಡದದ್ದು ಕಣ್ಣಿಗೆ ಕಾಣಂಗಿಲ್ಲ. ಕೈಗೆ ಗೊತ್ತಾಗತೈತಿ.”

“ಹೂಂ, ನಿಮ್ಮ ಕೈಗೆ ಎಲ್ಲಾ ಗೊತ್ತಾಗತೈತಿ. ಒಲಿ ಮ್ಯಾಲ ಹಾಲು ಉಕ್ಕಾಕತ್ತಿದ್ದು ಒಂದು ಬಿಟ್ಟು,” ಎಂದರು ಉಮಾ, ತಲೆಯೆತ್ತದೆ.

ಫ್ರಿಜ್ಜಿನ ಬಾಗಿಲಲ್ಲಿ, ಬೆಣ್ಣೆಯಿಡುವ ಪುಟ್ಟ ಗೂಡಿನಲ್ಲಿ ನನ್ನನ್ನಿಟ್ಟರು. ದಸರೆಯ ರಜೆಗೆ ನನ್ನ ಸರದಿ ಎಂದಿದ್ದರು.

ದಸರೆಗೆ ಹದಿನೈದು ದಿನವಿರುವಾಗ ಬಾಗಿಲು ತೆರೆಯುವುದು ನಿಂತಿತು. ಹನ್ನೊಂದು ದಿನ ಒಮ್ಮೆಯೂ ದೀಪ ಹೊತ್ತಲಿಲ್ಲ. ಆಮೇಲೆ ತೆರೆದಾಗ ಒಳಗೆ ಬಂದವು ಎಳನೀರು, ಔಷಧಿಯ ಬಾಟಲಿ, ತೆಳ್ಳನೆಯ ನಿಜವಾದ ಗಂಜಿ. ಫ್ರಿಜ್ಜು ಇದ್ದದ್ದು ಊಟದ ಕೋಣೆಯಲ್ಲಿ, ಅದರ ಪಕ್ಕಕ್ಕೇ ಚಿದಾನಂದರ ಕುರ್ಚಿ ಹಾಕಿದರು. ಹಾಗಾಗಿ ನನಗೆ ಎಲ್ಲವೂ ಕೇಳಿಸಿತು. ಚಿದಾನಂದರಿಗೆ ಪಾರ್ಶ್ವವಾಯು ಹೊಡೆದಿತ್ತು. ಬಲಗೈ, ಬಲಗಾಲು ಹೋಗಿದ್ದವು. ಮಾತೂ ಹೋಗಿತ್ತು, ಒಂದೇ ಒಂದು ಪದ ಬಿಟ್ಟು.

ಆ ಪದ ‘ಸಾಕು’.

ಮಿದುಳಿನ ಮಾತಿನ ಭಾಗಕ್ಕೆ ಪೆಟ್ಟಾದಾಗ ಹೀಗಾಗುವುದುಂಟು ಎಂದು ಡಾಕ್ಟರು ವಿವರಿಸಿದ್ದರಂತೆ. ಹೇಳಬೇಕಾದ್ದು ಒಳಗೆ ಸರಿಯಾಗಿಯೇ ಇರುತ್ತದೆ, ಬಾಯಿಗೆ ಬರುವಾಗ ಉಳಿದಿರುವ ಆ ಒಂದು ಪದವಾಗಿ ಬರುತ್ತದೆ. ಚಿದಾನಂದರು ಫ್ಯಾನು ಹಾಕು ಎನ್ನಲು ‘ಸಾಕು’ ಎನ್ನುತ್ತಿದ್ದರು, ನೀರು ಬೇಕೆನ್ನಲು ‘ಸಾಕು’ ಎನ್ನುತ್ತಿದ್ದರು. ಎಷ್ಟೋ ಸಲ ಅವರು ನಿಜವಾಗಿ ಹೇಳುತ್ತಿದ್ದುದೂ ಸಾಕು ಎಂದೇ. ತೊಂದರೆ ಅಲ್ಲೇ ಇತ್ತು. ಯಾವುದು ಯಾವುದೆಂದು ಉಮಾಗೆ ತಿಳಿಯುತ್ತಿರಲಿಲ್ಲ, ಸಂದೇಹ ಬಂದಾಗ ಪದವನ್ನೇ ನಂಬುತ್ತಿದ್ದರು. ಇನ್ನೊಂದು ಕಪ್ ಚಹಾ ಕೇಳಿದ ಮನುಷ್ಯನ ಮುಂದಿನಿಂದ ಖಾಲಿ ಕಪ್ಪು ಎದ್ದುಹೋಗುತ್ತಿತ್ತು.

ಕತ್ತಲಲ್ಲಿ ನಾನು ನನ್ನ ಕಣಗಳು ತಂತಮ್ಮೊಳಗೆ ಕೂಡಿಟ್ಟುಕೊಂಡಿದ್ದ ಅಲ್ಪಸ್ವಲ್ಪವನ್ನೇ ತಿಂದು ಬದುಕಿದ್ದೆ. ದಿನವೂ ಒಂದಷ್ಟು ಕಣಗಳು ಸಾಯುತ್ತಿದ್ದವು. ನನ್ನ ಬೆನ್ನ ಮೇಲೆ ಅಚ್ಚಾಗಿದ್ದ ಕೊನೆಯ ತಾರೀಖು ಜನವರಿಯಲ್ಲಿ ದಾಟಿತು. ಮಾರ್ಚಿನ ಹೊತ್ತಿಗೆ ನೂರರಲ್ಲಿ ಹತ್ತೋ ಹದಿನೈದೋ ಉಳಿದಿದ್ದೆ.

ಮನೆಗೆ ದಿನಾ ವ್ಯಾಯಾಮ ಮಾಡಿಸಲು ಬರುತ್ತಿದ್ದವನು ರಿಯಾಜ್. ಉಮಾ ಅವರ ಹಳೆಯ ವಿದ್ಯಾರ್ಥಿ, ಫಿಸಿಯೋಥೆರಪಿ ಓದಿದವನು. ಒಂದು ಭಾನುವಾರ ಬೆಳಿಗ್ಗೆ ಅವನು ಫ್ರಿಜ್ಜಿನ ಹತ್ತಿರ ನಿಂತು ತಗ್ಗಿದ ದನಿಯಲ್ಲಿ ಹೇಳಿದ್ದು ಕೇಳಿಸಿತು. ಸರ್ ಚೆಂಡು ಹಿಡಿಯುವುದನ್ನು ಬಿಟ್ಟಿದ್ದಾರೆ, ಚೆನ್ನಾಗಿರುವ ಎಡಗೈಯನ್ನೂ ಎತ್ತುತ್ತಿಲ್ಲ, ಗೋಡೆ ನೋಡಿಕೊಂಡು ಕೂರುತ್ತಾರೆ.

“ಕೈಗೆ ಏನೂ ಆಗಿಲ್ರಿ, ಟೀಚರ್. ಅವರಿಗೆ ಏನೂ ಬ್ಯಾಡ ಆಗೇತಿ. ಅದಕ್ಕ ನನ್ನ ಹತ್ರ ವ್ಯಾಯಾಮ ಇಲ್ಲ. ಅವರಿಗೆ ಬೇಕು ಅನ್ನಸೋದು ಏನರ ಇದ್ರ ಹುಡುಕ್ರಿ.”

ಅವನು ಹೋದ ಮೇಲೆ ಫ್ರಿಜ್ಜಿನ ಬಾಗಿಲು ತೆರೆಯಿತು. ಆಮೇಲೆ ಬೆಣ್ಣೆಯ ಗೂಡಿನ ಮುಚ್ಚಳ ಮೇಲೆದ್ದಿತು.

ಉಮಾ ನನ್ನ ಜೊತೆಗೆ ಗಂಡನ ನೋಟ್‌ಬುಕ್ಕನ್ನೂ ತಂದು ಮೇಜಿನ ಮೇಲಿಟ್ಟರು. ಚಿದಾನಂದರ ಕಣ್ಣು ಗೋಡೆಯಿಂದ ನನ್ನತ್ತ ತಿರುಗಿತು. ಉಮಾ ಪಾಠ ಓದುವಂತೆ ಗಟ್ಟಿಯಾಗಿ ಓದಿದರು. ಪೊಟ್ಟಣವನ್ನು ಫ್ರಿಜ್ಜಿನಿಂದ ತೆಗೆದು ಕೋಣೆಯ ಬಿಸುಪಿಗೆ ಬಿಡಬೇಕು. ಹೊಡೆದು ಕುಲುಕಬೇಕು. ಹಳೆಯ ಪೊಟ್ಟಣವಾದರೆ ಕೆಲವು ದಿನ ಕಾಯಬೇಕು. ಕೊನೆಯ ಸಾಲಿಗೆ ಕೆಂಪು ಗೆರೆ: ಉಬ್ಬದೆ ಒಲೆ ಹಚ್ಚಬಾರದು.

ನಾನು ಅಂಗೈಯೇರಿದೆ. ಉಮಾ ಹೊಡೆದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿಯೂ ಹೊಡೆತ ಕಲಿಯದ ಕೈ ಅದು. ಒಳಚೀಲ ಮೀನಿನಂತೆ ಮೂಲೆಗೆ ಜಾರಿತು. ಇನ್ನೊಮ್ಮೆ ಹೊಡೆದರು. ಚೀಲ ಇನ್ನೊಂದು ಮೂಲೆಗೆ ಹೋಯಿತು. ಚಿದಾನಂದರು ಮುಂದಕ್ಕೆ ಬಾಗಿದ್ದರು. ಹೊದಿಕೆಯಡಿ ಚೀಲ ಜಾರಿದ್ದನ್ನು ಅವರ ಕಣ್ಣು ಹಿಡಿದಿತ್ತು.

“ಸಾಕು,” ಎಂದರು.

ಉಮಾ ಕೈ ನಿಲ್ಲಿಸಿದರು. ಚಿದಾನಂದರ ಮುಖ ಕೆಂಪಾಯಿತು. “ಸಾಕು. ಸಾಕು. ಸಾಕು!”

“ಆತ್ರಿ, ಬಿಟ್ಟೆ,” ಎಂದು ಉಮಾ ಗಾಬರಿಯಿಂದ ನನ್ನನ್ನು ಮೇಜಿನ ಮೇಲಿಟ್ಟರು. “ಸಿಟ್ಟಾಗಬ್ಯಾಡ್ರಿ. ಒಡದಿರಬೇಕು ತಗೋರಿ.”

ಒಡೆದಿರಲಿಲ್ಲ. ಅದು ನನಗೆ ಗೊತ್ತಿತ್ತು, ಚಿದಾನಂದರಿಗೂ ಗೊತ್ತಿತ್ತು. ಅವರು ಕೂಗಿ ಹೇಳಿದ್ದು ‘ಇನ್ನೂ ಹೊಡಿ’ ಎಂದು. ಆ ಕೋಣೆಯಲ್ಲಿ ವಿಷಯ ಗೊತ್ತಿದ್ದವರು ಇಬ್ಬರೇ, ಇಬ್ಬರಿಗೂ ಹೇಳಲು ಬರುತ್ತಿರಲಿಲ್ಲ. ಉಮಾ ತೃಪ್ತಿಯಿಂದ ಹೊದಿಕೆಯನ್ನು ಸವರಿ ಒಳಗೆ ಹೋದರು. ಚಿದಾನಂದರು ಗೋಡೆಯ ಕಡೆಗೆ ತಿರುಗಿದರು.

ಅಂದಿನಿಂದ ಮೂರು ದಿನ ನಾನು ಮೇಜಿನ ಮೇಲೆ ಚಪ್ಪಟೆಯಾಗಿ ಬಿದ್ದಿದ್ದೆ. ಧಾರವಾಡದ ಮಾರ್ಚಿನ ಸೆಕೆ ನನ್ನನ್ನು ಎಬ್ಬಿಸಿತ್ತು. ತಣ್ಣಗಿದ್ದಾಗ ಹಸಿವಿಗೂ ಜೋಂಪು ಇರುತ್ತದೆ, ಸೆಕೆಯಲ್ಲಿ ಅದೂ ಇಲ್ಲ. ಆಹಾರದ ಚೀಲ ನನ್ನ ಮೈಗೆ ಅಂಟಿಕೊಂಡೇ ಇತ್ತು. ಉಮಾ ಶಾಲೆಗೆ ಹೋಗುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಮೊದಲ ದಿನ ಸ್ವಲ್ಪ ಉಬ್ಬಿದಂತಿದೆ ಎಂದು ಗಂಡನಿಗೆ ಹೇಳಿದರು. ಅದು ಅವರ ಆಸೆ, ನನ್ನ ಉಸಿರಲ್ಲ. ಮೂರನೆಯ ದಿನ ಒತ್ತಿ ನೋಡಿ ಪೇಪರು ತಿದ್ದಲು ಕೂತರು.

ನಾಲ್ಕನೆಯ ಬೆಳಿಗ್ಗೆ ರಿಯಾಜ್ ನನ್ನ ಬೆನ್ನು ಓದಿ, ತಾರೀಖು ಮುಗಿದು ಎರಡು ತಿಂಗಳಾಗಿದೆ, ಇದು ಸತ್ತಿದೆ ಎಂದ. ಉಮಾ ನನ್ನನ್ನು ಎತ್ತಿಕೊಂಡು ಗಂಡನೆದುರು ನಿಂತರು. ದನಿಯಲ್ಲಿ ದಣಿವಿತ್ತು.

“ಏನ್ರೀ, ಇದು ಹೋಗೇತಿ. ಒಗೀಲೇನು?”

“ಸಾಕು,” ಎಂದರು ಚಿದಾನಂದರು.

ಉಮಾ ಪದವನ್ನು ನಂಬಿದರು. ಹಿತ್ತಲ ಬಾಗಿಲ ಪಕ್ಕದ ಕಸದ ಬಕೀಟಿನ ಕಡೆಗೆ ಹೊರಟರು. ನಾನು ಏನು ಮಾಡಬಹುದಿತ್ತು? ಒಂದು ಗುಳ್ಳೆ ಬಿಡಲೂ ನನ್ನಲ್ಲಿ ಅನ್ನವಿರಲಿಲ್ಲ. ಕುರ್ಚಿಯನ್ನು ದಾಟುವಾಗ ಉಮಾ ಅವರ ಸೆರಗು ಬಿಗಿಯಿತು. ಎಲ್ಲಿ ಸಿಕ್ಕಿಕೊಂಡಿತೆಂದು ತಿರುಗಿ ನೋಡಿದರು. ಚಿದಾನಂದರ ಎಡಗೈ ಅದನ್ನು ಹಿಡಿದಿತ್ತು.

ಆ ಕೈ ಸೆರಗನ್ನು ಬಿಟ್ಟು ನನ್ನನ್ನು ಕಿತ್ತುಕೊಂಡಿತು. ಕುರ್ಚಿಯ ತೋಳಿನ ಮೇಲೆ ಇಟ್ಟಿತು. ಹೆಬ್ಬೆರಳು ನನ್ನ ಮೈಮೇಲೆ ಹರಿದಾಡಿ ಒಳಚೀಲವನ್ನು ಹುಡುಕಿ ನಡುವಿಗೆ ತಂದಿತು. ಕೈ ಎಡದ್ದಾಗಿತ್ತು, ಆದರೆ ಅವಸರವಿಲ್ಲದ ಅದೇ ಹೆಬ್ಬೆರಳು. ಆಮೇಲೆ ಮುಷ್ಟಿ ಮೇಲೆದ್ದಿತು. ಮೊದಲ ಏಟು ಮರಕ್ಕೆ ಬಿತ್ತು. ಎರಡನೆಯದು ನನ್ನ ಅಂಚಿಗೆ. ರಿಯಾಜ್ ಹಿಡಿಯಲು ಮುಂದೆ ಬಂದ, ಉಮಾ ಅವನನ್ನು ತಡೆದರು. ಮೂರನೆಯ ಏಟಿಗೆ ನನ್ನೊಳಗೆ ಟಪ್ ಎಂದಿತು.

ಚಿದಾನಂದರು ಮುಷ್ಟಿ ಬಿಚ್ಚಿದರು. “ಸಾಕು,” ಎಂದರು, ಮೆಲ್ಲಗೆ.

ಈ ಸಲ ಪದ ಮತ್ತು ಅರ್ಥ ಎರಡೂ ಒಂದೇ ಆಗಿದ್ದವು. ಉಮಾ ಗೋಡೆಗೆ ಒರಗಿ ನಿಂತರು. ಭಾನುವಾರದ ಆ ನಾಲ್ಕು ‘ಸಾಕು’ಗಳನ್ನು ಅವರು ಆಗ ಮತ್ತೆ ಕೇಳಿಸಿಕೊಂಡಿರಬೇಕು, ಅದಕ್ಕೂ ಹಿಂದಿನ ಆರು ತಿಂಗಳ ಎಲ್ಲವನ್ನೂ.

ನಾನು ಉಬ್ಬಲು ಎರಡು ದಿನ ಹಿಡಿಯಿತು. ಸತ್ತವರ ನಡುವೆ ಬದುಕಿದ್ದವರು ನಿಧಾನವಾಗಿ ಉಂಡೆವು. ಶುಕ್ರವಾರ ಬೆಳಿಗ್ಗೆ ತಲೆದಿಂಬಿನಂತೆ ಬಿಗಿದು ಕೂತಿದ್ದೆ. ಉಮಾ ಒಲೆ ಹಚ್ಚಿ, ನೋಟ್‌ಬುಕ್ ನೋಡಿಕೊಂಡು ಐದು ಲೀಟರು ಗಂಜಿ ಕುದಿಸಿದರು. ಅದು ಪೂರ್ತಿ ಆರಿದ ಮೇಲೆ ಕತ್ತರಿಯಿಂದ ನನ್ನ ಮೂಲೆ ಕತ್ತರಿಸಿ ಅದಕ್ಕೆ ಸುರಿದರು.

ದೊಡ್ಡ ಗೆಲುವಿನ ಕಥೆ ನನ್ನದಲ್ಲ. ನಾನು ದುರ್ಬಲನಾಗಿದ್ದೆ, ಸೆಕೆ ಜಾಸ್ತಿಯಿತ್ತು, ಬಿಯರು ತೆಳ್ಳಗಾಗಿ ಹುಳಿಯಾಯಿತು. ಕುಡಿಯುವವರೂ ಯಾರಿದ್ದರು? ಉಮಾ ಕುಡಿಯುವವರಲ್ಲ, ರಿಯಾಜನೂ ಅಲ್ಲ, ಚಿದಾನಂದರಿಗೆ ಡಾಕ್ಟರು ಎರಡು ಚಮಚೆಗಿಂತ ಹೆಚ್ಚು ಬೇಡವೆಂದಿದ್ದರು. ಅವರು ಎರಡನ್ನೂ ಬಾಯಲ್ಲಿಟ್ಟು, ಮುಖ ಹಿಂಡಿ, ಆರು ತಿಂಗಳಲ್ಲಿ ಮೊದಲ ಬಾರಿಗೆ ನಕ್ಕರು. ಉಳಿದದ್ದು ಹಿತ್ತಲ ಕರಿಬೇವಿನ ಬುಡಕ್ಕೆ ಹೋಯಿತು. ನನ್ನ ಬೆಳ್ಳಿ ಹೊದಿಕೆ ಈಗ ನೋಟ್‌ಬುಕ್ಕಿನ ಹಾಳೆಗಳ ನಡುವೆ ಗುರುತಾಗಿದೆ. ತಳದಲ್ಲಿ ಕೂತ ಗಷ್ಟಾದ ನನ್ನನ್ನು ಉಮಾ ಗಾಜಿನ ಬಾಟಲಿಗೆ ತುಂಬಿ ಅದೇ ಬೆಣ್ಣೆಯ ಗೂಡಿನಲ್ಲಿಟ್ಟಿದ್ದಾರೆ.

ಇಲ್ಲಿ ಕತ್ತಲಿದೆ, ತಣ್ಣಗಿದೆ, ದಿನವೂ ಒಂದಷ್ಟು ಕಣಗಳು ಸಾಯುತ್ತವೆ. ಮತ್ತೆ ಕರೆಯುತ್ತಾರೋ ಇಲ್ಲವೋ ತಿಳಿಯದು, ಕರೆಯಿರೆಂದು ಹೇಳುವ ದಾರಿ ಈಗಲೂ ನನಗಿಲ್ಲ. ಚಿದಾನಂದರಿಗೂ ಆ ಒಂದು ಪದವೇ ಉಳಿದಿದೆ. ಆದರೆ ಬೆಳಗಿನ ಹೊತ್ತು ನಾನು ಕಿವಿಗೊಟ್ಟು ಕಾಯುವ ಒಂದು ಸದ್ದಿದೆ.

“ಚಹಾ ಇನ್ನೂ ಹಾಕಲೇನ್ರೀ?”

“ಸಾಕು.”

ಆಗ ಉಮಾ ಗಂಡನ ಎಡಗೈಯನ್ನು ನೋಡುತ್ತಿರಬೇಕು. ನಂತರ ಕಪ್ಪಿಗೆ ಚಹಾ ಸುರಿಯುವ ಸದ್ದು ಕೇಳಿಸುತ್ತದೆ.