ಅರ್ಧ ಹೆಜ್ಜೆ ಮುಂದೆ

ಮಂಜಪ್ಪ ಹಗ್ಗ ಹಿಡಿದು ಅಂಗಳದ ತುಂಬ ನಾಯಿಯ ಹಿಂದೆ ಸುತ್ತುತ್ತಿದ್ದ. ಚಟ್ಟ ಎತ್ತುವ ಮೊದಲು ಅದನ್ನು ಕಟ್ಟಿಹಾಕಬೇಕೆಂಬುದು ಅವನ ಹಟ. ನಾಯಿಯೇನೂ ಓಡುತ್ತಿರಲಿಲ್ಲ. ಹಗ್ಗ ಬೀಸಲು ಅವನಿಗೆ ಕೈ ಬಾರದಿದ್ದದ್ದೂ ಅದಕ್ಕೇ. ಬಚ್ಚಲಿನಿಂದ ಜಗಲಿಗೆ, ಜಗಲಿಯಿಂದ ಕೊಟ್ಟಿಗೆಗೆ ಅದು ಒಂದೊಂದೇ ಹೆಜ್ಜೆ ಇಡುತ್ತಿತ್ತು. ಮೆಟ್ಟಿಲು ಬಂದಲ್ಲಿ ನಿಲ್ಲುತ್ತಿತ್ತು. ಬಲಕ್ಕೆ ತಲೆಯೆತ್ತಿ ನೋಡಿ, ಯಾರೋ ಕಾಲೆತ್ತಿ ಇಡುವಷ್ಟು ಹೊತ್ತು ಕಾದು, ಮತ್ತೆ ಹೊರಡುತ್ತಿತ್ತು.

"ರಾಘು, ನಿನ್ನ ನಾಯಿಗೆ ಎಂತ ಆಗಿದ್ಯೋ? ಬೆಳಗಿಂದ ಯಾರನ್ನೋ ಕರ್ಕಂಡು ತಿರುಗ್ದಂಗೆ ತಿರುಗ್ತದೆ!"

ರಾಘುವಿನ ತಾಯಿ ದುರ್ಗಮ್ಮ ನಿನ್ನೆ ಸಂಜೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ಗೋಡೆಗೆ ಒರಗಿದಳು, ಮತ್ತೆ ಏಳಲಿಲ್ಲ. ಮಡಿಲಲ್ಲಿ ಸಿಪ್ಪೆ ಬೇರೆ, ಕಾಳು ಬೇರೆ ಇತ್ತು.

"ಎಂಥಾ ಗಟ್ಟಿ ಹೆಂಗಸು," ಎಂದಳು ನೆರೆಮನೆಯ ವೆಂಕಮ್ಮ, ಮೂಗು ಒರೆಸಿಕೊಳ್ಳುತ್ತ. "ಹೋದ ವರ್ಷ ಮುರುಗಲ ಹಣ್ಣು ಹೆಕ್ಕೂಕೆ ನನ್ನ ಸಂಗಡವೇ ಗುಡ್ಡ ಹತ್ತಿದ್ಲು. ಹಣ್ಣು ಯಾವ್ದು, ಕಾಯಿ ಯಾವ್ದು ಅಂತ ಮುಟ್ಟಿ ಮುಟ್ಟಿ ಹೇಳ್ತಿದ್ಲು. ಕಣ್ಣೆತ್ತಿ ನೋಡ್ತಾನೇ ಇರ್ಲಿಲ್ಲ."

ರಾಘುವಿನ ತಂಗಿ ಮಮತಾ ಅಣ್ಣನ ಮುಖ ನೋಡಿದಳು. ಅವನು ಹೇಳು ಎಂಬಂತೆ ತಲೆಯಾಡಿಸಿದ.

"ಅವ್ವನಿಗೆ ಕಣ್ಣು ಕಾಣ್ತಿರ್ಲಿಲ್ಲ ವೆಂಕಮ್ಮಕ್ಕ," ಎಂದಳು. "ಸುಮಾರು ವರ್ಷ ಆಯ್ತು."

ಮಂಜಪ್ಪನ ಕೈಯಿಂದ ಹಗ್ಗ ಜಾರಿತು. "ಎಂತ ಹೇಳ್ತೀಯೇ? ದೀಪಾವಳಿಗೆ ಬಂದಾಗ ನನ್ನ ಕೈ ಹಿಡ್ಕಂಡು, 'ತಮ್ಮಾ, ಸೊರಗೀದ್ಯಲೋ' ಅಂದಿದ್ಲು ನಮ್ಮಕ್ಕ!"

"ಕೈ ಹಿಡಿದದ್ದಕ್ಕೇ ಗೊತ್ತಾಗಿದ್ದು ಮಾವ," ಎಂದ ರಾಘು. "ಅವಳನ್ನ ನಡೆಸ್ತಾ ಇದ್ದದ್ದು ಈ ನಾಯಿ, ಪಾಂಡು. ಅವ್ವ ಸಂಗಡ ಇದ್ರೆ ಅದು ನಡೆಯೂದೇ ಹಂಗೆ."

ಹೇಳಿ ಮುಗಿಸಿದ ಮೇಲೆ, ತಾನು ಹೇಳಿದ್ದೇನೆಂದು ಅವನಿಗೇ ಹೊಳೆಯಿತು. ಅಲ್ಲಿದ್ದವರು ಈಗ ನಾಯಿಯನ್ನು ನೋಡುತ್ತಿರಲಿಲ್ಲ. ನಾಯಿಯ ಬಲಗಡೆಯ ಖಾಲಿ ಜಾಗವನ್ನು ನೋಡುತ್ತಿದ್ದರು.

* * *

ಪಾಂಡು ಮರಿಯಾಗಿ ಈ ಮನೆಗೆ ಬಂದದ್ದು ತೊಂಬತ್ತೊಂದರಲ್ಲಿ. ರಾಘು ಆಗ ಎರಡನೇ ಇಯತ್ತೆ. ಮರುವರ್ಷ, ಗಂಜಿ ನೆಕ್ಕುತ್ತಿದ್ದ ನಾಯಿಯ ಬಾಲ ಹಿಡಿದೆಳೆದು ಕಚ್ಚಿಸಿಕೊಂಡ. ಅಪ್ಪ ಕೋಲು ತಂದರೆ ಅವ್ವ ಅದನ್ನು ಕಸಿದು ಮಾಡಿನ ಮೇಲೆ ಎಸೆದಳು. ಸಿದ್ದಾಪುರದ ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿಕೊಂಡು ಬರುವಾಗ ಬಸ್ಸಿನಲ್ಲಿ ಅವನು ಅಳುತ್ತಲೇ ಇದ್ದ.

"ಅದು ನಿಂಗೆ ಮೊದ್ಲೇ ಹೇಳಿತ್ತು," ಎಂದಳು ಅವ್ವ. "ತಿನ್ನೂದು ನಿಲ್ಸಿತ್ತು. ಮೈ ಬಿಗಿ ಮಾಡಿತ್ತು. ನೀನು ಕೇಳ್ಲಿಲ್ಲ."

ಅಂದಿನಿಂದ ಅಣ್ಣ ತಂಗಿ ಕೇಳಲು ಕಲಿತರು. ಕಿವಿ ಹಿಂದಕ್ಕೆ ಒತ್ತಿದರೆ ಹೆದರಿಕೆ. ಬೆನ್ನ ಕೂದಲು ನೆಟ್ಟಗಾದರೆ ಬೇರೆಯವರು. ಬಾಲ ತಗ್ಗಿ ಅಗಲಕ್ಕೆ ಆಡಿದರೆ ಮನೆಯವರು. ನಾಯಿಯಲ್ಲಿ ಕಲಿತದ್ದು ಮನುಷ್ಯರಲ್ಲೂ ಕಾಣತೊಡಗಿತು. ಅಪ್ಪ ಉಣ್ಣುತ್ತ ಉಣ್ಣುತ್ತ ಕೈ ನಿಲ್ಲಿಸಿದರೆ ಅವನಿಗೆ ಎದೆ ನೋವೆಂದು ಮಮತಾಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿತ್ತು. ಆ ನೋವಿನಲ್ಲೇ ಅಪ್ಪ ಹೋದ. ಅವ್ವ ಕೂಲಿಗೆ ಹೊರಟಳು.

ಒಂದು ಬೆಳಿಗ್ಗೆ ಅವಳ ಹಿಂದೆ ಗದ್ದೆ ಹಾಳಿಯ ಕಿರಿದಾದ ಬದುವಿನ ಮೇಲೆ ಬರುತ್ತಿದ್ದ ರಾಘು ಒಂದು ವಿಚಿತ್ರ ನೋಡಿದ. ಮುಂದೋಡಿ ಕಪ್ಪೆ ಬೆದರಿಸುವ ನಾಯಿ ಅವ್ವನ ಎಡಗಾಲಿಗೆ ಅಂಟಿ, ಅರ್ಧ ಹೆಜ್ಜೆ ಮುಂದೆ ನಡೆಯುತ್ತಿತ್ತು. ನೀರು ಹರಿಯಲು ಹಾಳಿ ಕಡಿದಲ್ಲಿ ಅಡ್ಡ ನಿಂತಿತು. ಅವ್ವನ ಮೊಣಕಾಲು ಅದರ ಬೆನ್ನಿಗೆ ತಾಗಿತು. ಅವಳು ಕಾಲನ್ನು ಎತ್ತರಕ್ಕೆತ್ತಿ ದಾಟಿದಳು.

"ಅವ್ವಾ, ನಿಂಗೆ ಕಣ್ಣು ಕಾಣ್ತಿಲ್ಲ, ಅಲ್ದಾ?"

ಅವಳು ನಿಂತಳು. "ಯಾರು ಹೇಳಿದ್ರು?"

"ಪಾಂಡು."

ಅವಳು ನಕ್ಕಳು. ನಗು ಬೇಗನೆ ನಿಂತಿತು. "ನಿಮ್ಮಿಬ್ರಲ್ಲೇ ಇರ್ಲಿ. ಊರಿಗೆ ಗೊತ್ತಾದ್ರೆ ನನ್ನನ್ನ ಕೆಲಸಕ್ಕೆ ಯಾರೂ ಕರೆಯೂದಿಲ್ಲ ಮಗಾ."

* * *

ಮಡಕೆಯಲ್ಲಿ ಬೆಂಕಿ ಹಿಡಿದು ರಾಘು ಹೊರಟ. ಅವನ ಮುಂದೆ ಪಾಂಡು. ಹೊರುವವರಿಗೆ ಬೇಗ ನಡೆಯುವ ಆತುರ; ಆದರೆ ನಾಯಿಯನ್ನು ಹಿಂದೆ ಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ಸುಗ್ಗಿ ಮುಗಿದ ಗದ್ದೆಯ ಕೂಳೆ ಬಿಸಿಲಿಗೆ ಚಟಚಟ ಎನ್ನುತ್ತಿತ್ತು. ಹಾಳಿ ಕಡಿದಲ್ಲಿ ನಾಯಿ ಅಡ್ಡ ನಿಂತಿತು. ಚಟ್ಟ ನಿಂತಿತು. ನಾಯಿ ತಲೆಯೆತ್ತಿ ನೋಡಿದ್ದು ಚಟ್ಟದ ಕಡೆಗಲ್ಲ, ತನ್ನ ಪಕ್ಕಕ್ಕೆ. ಕಾದಿತು. ನಡೆಯಿತು.

ಚಿತೆಗೆ ಬೆಂಕಿ ಕೊಡುವಾಗಲೂ ಅದು ಚಿತೆಯನ್ನು ನೋಡಲಿಲ್ಲ.

ಮಂಜಪ್ಪ ಈ ಸಲ ತಡಮಾಡಲಿಲ್ಲ. ನಾಯಿಯ ಕೊರಳಿಗೆ ಹಗ್ಗ ಹಾಕಿ ಮತ್ತಿ ಮರಕ್ಕೆ ಬಿಗಿದ.

"ಮಾವ!"

"ನಂಗೂ ಅಕ್ಕನೇ ಕಣೋ," ಮಂಜಪ್ಪ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ. "ಹೋದವಳು ಹೋಗ್ಬೇಕು. ಇದು ಅವಳನ್ನ ತಿರುಗಿ ಮನೆಗೆ ಕರ್ಕಂಡು ಬರ್ತದೆ. ಬೂದಿ ಎತ್ತೂತನಕ ಇಲ್ಲೇ ಇರ್ಲಿ. ನಡಿ. ಹಿಂದೆ ನೋಡ್ಬೇಡ."

ಯಾರೂ ಹಿಂದೆ ನೋಡಲಿಲ್ಲ. ಬಂದ ದಾರಿಯಲ್ಲಿ ಹೋಗಲು ಮನಸ್ಸಿಲ್ಲದೆ ಎಲ್ಲರೂ ಡಾಂಬರು ರಸ್ತೆಯ ಕಡೆ ತಿರುಗಿದರು. ಆಗ ಹಿಂದಿನಿಂದ ಸಣ್ಣದೊಂದು ಕುಂಯ್ ಎಂಬ ದನಿ ಬಂತು. ಊಳಲ್ಲ, ಅಳುವಲ್ಲ. ಅವ್ವನ ಕಾಲು ಜಾಗ ತಪ್ಪಿ ತಡಕಾಡುವಾಗ ಮಾತ್ರ ಪಾಂಡು ಹಾಗೆ ಅನ್ನುತ್ತಿತ್ತು.

ರಾಘು ತಿರುಗಿ ನೋಡಿದ.

"ಬೆಂಕಿ ಕೊಟ್ಟವ ನೀನು! ತಿರುಗಿ ನೋಡಿದ್ಯಲ್ಲೋ!" ಮಂಜಪ್ಪ ಕೂಗಿದ.

ರಾಘು ವಾಪಸು ನಡೆದ. ಅವನ ಮೈಮೇಲಿನ ಕೂದಲೆಲ್ಲ ಎದ್ದಿತ್ತು. ನಾಯಿಯ ಬೆನ್ನು ನೋಡಿದ: ಕೂದಲು ಮಲಗಿತ್ತು. ಕಿವಿ ಸಡಿಲ. ಬಾಲ ತಗ್ಗಿ ಅಗಲಕ್ಕೆ ಆಡುತ್ತಿತ್ತು, ಅವನು ಹತ್ತಿರ ಬರುವ ಮೊದಲಿನಿಂದಲೇ.

"ಅದು ಹೆದರ್ಲಿಲ್ಲ ಮಾವ," ಗಂಟು ಬಿಚ್ಚುತ್ತ ಹೇಳಿದ. "ಅದು ಹೆದರಿದ್ರೆ ನಾನೂ ಹೆದರ್ತಿದ್ದೆ."

ಉಳಿದವರು ರಸ್ತೆ ಹಿಡಿದರು. ಪಾಂಡು ಗದ್ದೆಗಿಳಿಯಿತು. ರಾಘು ಹಿಂದೆ ಹಿಂದೆ ನಡೆದ, ನಡುವೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟು. ಅದು ನಿಂತಲ್ಲಿ ನಿಂತ. ತನ್ನ ನೆರಳು ಆ ಜಾಗದ ಮೇಲೆ ಬೀಳುತ್ತಿದೆಯೆಂದು ಕಂಡಾಗ ಹಾಳಿಯ ಅಂಚಿಗೆ ಸರಿದ.

ಹೊಸ್ತಿಲಲ್ಲಿ ಮಮತಾ ಕೂತಿದ್ದಳು. ಸುಡುಗಾಡಿನಲ್ಲಿ ಆದದ್ದೇನೂ ಅವಳಿಗೆ ತಿಳಿದಿರಲಿಲ್ಲ. ಅಂಗಳ ದಾಟಿ ನಿಧಾನಕ್ಕೆ ಬರುತ್ತಿದ್ದ ನಾಯಿಯನ್ನು ಕಂಡಳು; ಮೊದಲ ಮೆಟ್ಟಿಲಲ್ಲಿ ನಿಂತು ಅದು ಬಲಕ್ಕೆ ತಲೆಯೆತ್ತಿದ್ದನ್ನೂ ಕಂಡಳು. ಎದ್ದು ಬದಿಗೆ ಸರಿದಳು. ಬಾಗಿಲಿನ ಒಂದೇ ಕದ ತೆರೆದಿತ್ತು. ನಾಯಿಗೆ ಅಷ್ಟು ಸಾಕು. ಅವಳು ಕೈ ಚಾಚಿ ಇನ್ನೊಂದು ಕದದ ಅಗುಳಿಯನ್ನೂ ತೆಗೆದಳು.